ಕಣ್ಣಿನ ಬಳೆ

ಕುಹ್ಮೊ ಊರಾಚೆ, ಜಲ್ಲಿ ತೆಗೆದು ಬಿಟ್ಟುಹೋದ ಹೊಂಡ.
ಬರ್ಚ್ ಮರಗಳು ಹಳದಿಗೆ ತಿರುಗಿ ಎರಡು ದಿನವಾಯಿತು, ತೌನೊ.
ಯಾಲ್ಮರಿ ಮೇಜಿನ ಮೇಲೆ ಮರಳುಚೀಲ ಇಟ್ಟು
ಅಂಗೈ ಅಂಚಿನಿಂದ ಅದರ ನಡುವೆ ತಗ್ಗು ಮಾಡಿದ,
ಹಿಟ್ಟಿನ ಗುಡ್ಡೆಯಲ್ಲಿ ನೀರಿಗೆ ಜಾಗ ಮಾಡುವ ಹಾಗೆ.
ಅಲ್ಲಿ ನಿನ್ನ ಕೋವಿ ಮಲಗಿತು.

"ಮೊದಲು ತಿರುಪು ನೋಡು," ಎಂದ.
ದುರ್ಬೀನನ್ನು ಹಿಡಿದ ಎರಡು ಉಂಗುರ, ನಾಲ್ಕು ನಾಲ್ಕು ತಿರುಪು.
ಒಂದೂ ಸಡಿಲವಿಲ್ಲ.
ಸೌನಾ ಬಾಗಿಲ ಕೀಲು ಹನ್ನೊಂದು ವರ್ಷ ಕಿರುಗುಟ್ಟಿತು,
ಇವು ಮಾತ್ರ ಬಿಗಿ!
ಆಗ ಇನ್ನೂ ನಗು ಬರುತ್ತಿತ್ತು ನನಗೆ.

ಕೆನ್ನೆ ಊರಿದೆ. ಕಣ್ಣು ತಂದೆ.
ಮಂಜು.
"ಗಾಜು ಒರೆಸು."
ಒರೆಸಿದೆ, ಅಂಗಿಯ ಅಂಚಿನಿಂದ,
ಬೈದು ಅವನು ಕೊಟ್ಟ ಮೆತ್ತನೆ ಬಟ್ಟೆಯಿಂದ ಇನ್ನೊಮ್ಮೆ.
ಮಂಜೇ.
ನೂರು ಮೀಟರಿನಾಚೆಯ ಹಲಗೆ
ಹಾಲಲ್ಲಿ ನೆನೆದ ರೊಟ್ಟಿಯ ಚೂರು;
ಅಡ್ಡಗೆರೆ ಉದ್ದಗೆರೆ ಎರಡೂ ಉಣ್ಣೆಯ ಎಳೆ.

ಅವನು ಹಿಂಬದಿಯ ಬಳೆ ಮುಟ್ಟಿ ನೋಡಿದ,
ಅವರವರ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಳ್ಳುವ ಬಳೆ.
ಕೊನೆ ಮುಟ್ಟಿತ್ತು. ಆಚೆಗೆ ತಿರುಗಲು ಜಾಗವಿರಲಿಲ್ಲ.
ಅಷ್ಟು ತಿರುಗಿಸಿಯೂ ನಿನಗೆ ಸಾಕಾಯಿತೇ
ಎಂದು ಅವನು ಕೇಳಲಿಲ್ಲ. ನಾನೂ.

ಗುಂಡಿನ ಡಬ್ಬಿ ತೆರೆದೆ. ಇಪ್ಪತ್ತಕ್ಕೆ ಇಪ್ಪತ್ತೂ ಇದ್ದವು.
ಮುಚ್ಚಳದೊಳಗೆ ಮಡಚಿಟ್ಟ ಅಂಗಡಿ ಚೀಟಿ,
ಎರಡು ಶರತ್ತಿನ ಹಿಂದಿನದು.

ಎರಡು ಶರತ್ತು ನೀನು ಏಳನೇ ಕಾವಲಿನಲ್ಲಿ,
ಜವುಗಿನ ಅಂಚಿನ ಕಡಿದ ಮರದ ಬುಡದ ಮೇಲೆ
ಬೆಳಗಿನಿಂದ ಬೈಗಿನವರೆಗೆ ಕೂತು
ಮನೆಗೆ ಬಂದು ಬೂಟು ಕಳಚುತ್ತ ಹೇಳುತ್ತಿದ್ದೆ:
"ನನ್ನ ಕಡೆ ಒಂದೂ ಬರಲಿಲ್ಲ."
ತಂಡದವರು ನಗುತ್ತಿದ್ದರು,
ತೌನೊ ಮೇಲೆ ಮೂಸ್‌ಗಳಿಗೆ ಮುನಿಸು ಎಂದು.
ಎಲ್ಲರಿಗಿಂತ ಜೋರು ನಿನ್ನ ನಗೆ.

ಬಂದಿರಬೇಕು ಅವು.
ಹಾಲಿನೊಳಗೆ ಒಂದು ಕಂದು ಗುಡ್ಡ ನಡೆದು ಹೋಗಿರಬೇಕು,
ಅದರ ಹಿಂದೆ ಕರುವೋ, ಪೊದೆಯೋ,
ಹಣ್ಣು ಆಯಲು ಬಂದ ಯಾರದೋ ಕಂದು ಕೋಟೋ.
ಬೆರಳನ್ನು ಕುದುರೆಯಿಂದ ದೂರವೇ ಇಟ್ಟು
ಕಾಲ್ಸಪ್ಪಳ ಮುಗಿಯುವವರೆಗೆ
ನೀನು ಉಸಿರು ಹಿಡಿದಿರಬೇಕು.

ಯಾಲ್ಮರಿ ಮರಗಳ ಕಡೆ ತಿರುಗಿ
ಇಲ್ಲದ ತಂಬಾಕಿಗೆ ಜೇಬು ತಡಕುತ್ತಿದ್ದ.
ನಾನು ಕೈಚೀಲದಿಂದ ಉಗುರುಬಣ್ಣ ತೆಗೆದೆ.
ಬಳೆಗೂ ಕೊಳವೆಗೂ ಸೇರಿಸಿ ಒಂದು ಕೆಂಪು ಗೆರೆ,
ನೀನು ಬಿಟ್ಟಲ್ಲಿ.
ಒಣಗಲೆಂದು ಊದಿದೆ, ಆಮೇಲೆ ಸುಮ್ಮನೆ ಇನ್ನಷ್ಟು ಊದಿದೆ.
ತಿರುಗಿಸಿದೆ. ಗೆರೆ ಎರಡಾಯಿತು.

ಹಲಗೆ ಬಂತು. ಹಲಗೆಯ ಗಂಟು ಬಂತು.
ಹಿಂದಿನ ಮರಳ ಗೋಡೆಯಲ್ಲಿ
ಬೇಸಿಗೆಯ ಹಕ್ಕಿಗಳು ಕೊರೆದು ಖಾಲಿ ಬಿಟ್ಟ ತೂತುಗಳು ಬಂದವು.

ಮೂರು ಗುಂಡು, ಭುಜಕ್ಕೆ ಮೂರು ಗುದ್ದು.
ನಡೆದು ಹೋಗಿ ನೋಡಿದರೆ
ಮೂರೂ ಒಂದು ಕಾಫಿ ಲೋಟದ ಬಾಯಡಿ ಮುಚ್ಚುತ್ತವೆ,
ಆದರೆ ಆರು ಸೆಂಟಿಮೀಟರು ಎಡಕ್ಕೆ, ನಾಲ್ಕು ಮೇಲಕ್ಕೆ.
"ಒಂದೇ ಕಡೆ ತಪ್ಪಿದರೆ ಚಿಂತೆಯಿಲ್ಲ," ಎಂದ ಯಾಲ್ಮರಿ,
"ದಿಕ್ಕಾಪಾಲು ತಪ್ಪುವವರಿಗೆ ತಿರುಪಿಲ್ಲ.
ಮೇಲಿನದು ಹಾಗೇ ಇರಲಿ. ದೂರ ಹೋದಂತೆ ಗುಂಡು ತಾನೇ ಇಳಿಯುತ್ತದೆ."
ಪಕ್ಕದ ಮುಚ್ಚಳ ಬಿಚ್ಚಿ
ನಿನ್ನ ಕೋಟಿನಲ್ಲೇ ಸಿಕ್ಕ ಹಳೆಯ ಮಾರ್ಕ್ ನಾಣ್ಯವನ್ನು
ಸೀಳಿಗೆ ಕೊಟ್ಟು ಬಲಕ್ಕೆ ತಿರುಗಿಸಿದೆ.
ಒಂದೊಂದು ಟಿಕ್ಕಿಗೆ ಒಂದೊಂದು ಸೆಂಟಿಮೀಟರು;
ಕಿವಿಗಿಂತ ಮೊದಲು ಬೆರಳಿಗೆ ಕೇಳುತ್ತದೆ.
ಐದಕ್ಕೆ ತಡೆದೆ, ಯಾಕೋ.
ಆರು.

ಮುಂದಿನ ಮೂರೂ ನಟ್ಟನಡು ಗೆರೆಯ ಮೇಲೆ.
ಡಬ್ಬಿಯಲ್ಲಿ ಹದಿನಾಲ್ಕು ಉಳಿದವು.

ಖಾಲಿ ಕವಚ ಆಯುತ್ತ ಹೇಳಿದೆ,
"ಶನಿವಾರ ಏಳನೇ ಕಾವಲು ನನಗಿರಲಿ."
"ಅಲ್ಲಿ ಒಂದೂ ಬರುವುದಿಲ್ಲವಲ್ಲ, ಹೆಲ್ವಿ,"
ಬಾಯಿರೂಢಿಗೆ ಅಂದುಬಿಟ್ಟು
ಯಾಲ್ಮರಿ ನಾಲಗೆ ಕಚ್ಚಿಕೊಂಡ.
"ಬರುತ್ತವೆ," ಎಂದೆ.