ಅನ್ವಯಿಸುವುದಿಲ್ಲ

ಪ್ರಶ್ನೆಗಳು ಇಪ್ಪತ್ತೆಂಟು. ಅಕ್ಷರವೋ ಇರುವೆ ಸಾಲು.
ಕಣ್ಣು ಮಂಜಾದವರಿಗೆಂದೇ ಅಚ್ಚಾದದ್ದು;
ಹಾಗಾಗಿ ಓದಿ ಹೇಳಲು ನಾನು.

ವಾಲ್ಪರೈಸೊ. ಗುಡ್ಡದ ನೆತ್ತಿಯಲ್ಲಿ ತಗಡಿನ ಮನೆ,
ಕಿಟಕಿಯ ಕೆಳಗೆ ಬಂದರು, ಕ್ರೇನು, ಉಪ್ಪು ಗಾಳಿ.
ಎರ್ಮೆಲಿಂದಾ ಕಾರ್ಕಮೊ, ಎಪ್ಪತ್ತೊಂಬತ್ತು,
ಗುಡ್ಡ ಹತ್ತಿಸುವ ಹಗ್ಗದ ಬಂಡಿಯ ಕಿಂಡಿಯಲ್ಲಿ
ಮೂವತ್ತೊಂದು ವರ್ಷ ಟಿಕೆಟು ಹರಿದವಳು.
ಈಗ ಎತ್ತ ನೋಡಿದರೂ ನಟ್ಟನಡುವೆ
ಹೆಬ್ಬೆಟ್ಟಿನಷ್ಟು ಬೂದಿ;
ಸುತ್ತಲಿನದು ಹಾಗೇ ಇದೆ.

"ಕಳೆದ ತಿಂಗಳು, ನಿಮ್ಮ ದೃಷ್ಟಿಯ ಕಾರಣದಿಂದ,
ರಾತ್ರಿ ಕಾರು ಓಡಿಸಲು ಎಷ್ಟು ಕಷ್ಟವಾಯಿತು?"
ಕಾರು ಎಲ್ಲಿ ನಿಲ್ಲಿಸಲಿ ಮಗೂ, ಮೆಟ್ಟಿಲ ಮೇಲೋ?
ಗೀಟು ಹಾಕಿದೆ: ಅನ್ವಯಿಸುವುದಿಲ್ಲ.

"ರಸ್ತೆಯಾಚೆ ನಿಂತವರ ಮುಖ ಗುರುತಿಸಲು?"
ಏನೂ ಕಷ್ಟವಿಲ್ಲ. ಎಲ್ಲರಿಗೂ ಕೈ ಎತ್ತುತ್ತೇನೆ,
ಅರ್ಧ ಜನ ಹೆಸರು ಹಿಡಿದು ಕೂಗುತ್ತಾರೆ,
ಮಿಕ್ಕವರು ಹೊಸಬರಿರಬೇಕು.
ಅಲ್ಲದೆ, ಕಿಂಡಿಯಲ್ಲಿ ನಾನು ಕಂಡದ್ದು ಕೈಗಳನ್ನೇ.
ಇದಕ್ಕೆ ಸೊನ್ನೆ ಬರೆಯಬೇಕೆ? ಬರೆದೆ.
ರೋಗಿ ಹೇಳಿದ್ದೇ ಉತ್ತರ. ತಿದ್ದುವಂತಿಲ್ಲ,
ಸುಳಿವು ಕೊಡುವಂತಿಲ್ಲ, ಹುಬ್ಬು ಏರಿಸುವಂತಿಲ್ಲ.
ಏರಿಸಿದರೂ ಅವಳಿಗೆ ಕಾಣದು.

"ಪತ್ರಿಕೆ ಓದಲು?" ಬಿಟ್ಟುಬಿಟ್ಟೆ.
"ಕಣ್ಣಿನಿಂದಲೋ, ಬೇರೆ ಕಾರಣಕ್ಕೋ?"
ಇಲ್ಲಿ ತಡೆದಳು. ಕೆಟಲು ಕೂಗಿ ಕೂಗಿ ಸುಮ್ಮನಾಯಿತು.
ಹಾಳೆ ಹಂಚಿಕೊಳ್ಳುತ್ತಿದ್ದೆವು ಇಬ್ಬರೂ,
ಫುಟ್ಬಾಲು ಅವನಿಗೆ, ಸತ್ತವರ ಪುಟ ನನಗೆ.
ಅವನೇ ಆ ಪುಟಕ್ಕೆ ಬಂದ ಮೇಲೆ ಬಿಡಿಸಿಲ್ಲ.
ಕಣ್ಣು ಆಗ ಚೆನ್ನಾಗಿಯೇ ಇತ್ತು.
ಐದನೆಯ ಚೌಕ ದಾಟಿ ಆರನೆಯದಕ್ಕೆ ಗುರುತು:
ಬೇರೆ ಕಾರಣ. ಅಂಕದ ಲೆಕ್ಕಕ್ಕೆ ಬಾರದು.

"ಕತ್ತಲಲ್ಲಿ ಮೆಟ್ಟಿಲಿಳಿಯಲು?"
ನೂರ ಅರವತ್ತೆರಡು. ಕಣ್ಣರಿಯದಿದ್ದರೇನು, ಕಾಲರಿಯದೆ?
ನಲವತ್ತೊಂದನೆಯದು ಒಡೆದಿದೆ,
ಅಲ್ಲೇ ಕರಿನಾಯಿ ಮಲಗಿರುತ್ತದೆ. ನೀನು ಜೋಪಾನ.

ಕೂಡಿದೆ: ನೂರಕ್ಕೆ ಎಂಬತ್ತಮೂರು.
ಆಸ್ಪತ್ರೆಯ ಗೋಡೆಫಲಕದಲ್ಲಿ ಅವಳು ಓದಿದ್ದು
ಮೇಲಿನ ಒಂದೇ ಅಕ್ಷರ, ಅದೂ ತಲೆ ವಾಲಿಸಿ.
ಎರಡು ಸಂಖ್ಯೆಗಳು ಒಂದೇ ಲಕೋಟೆಯಲ್ಲಿ,
ಒಂದರ ಮುಖ ಒಂದು ನೋಡದೆ.
ನಾಳೆ ಪ್ರೊಫೆಸರು ಕೇಳುತ್ತಾರೆ: ಯಾವುದು ತಪ್ಪು?

ಹೊರಬಂದಾಗ ಬೀದಿದೀಪ ಕೆಟ್ಟಿತ್ತು.
ಎರಡೂ ಕಣ್ಣು ನೆಟ್ಟಗಿರುವ ನಾನು
ಗೋಡೆ ಹಿಡಿದು, ಎಣಿಸುತ್ತ, ಇಳಿದೆ.
ಮೂವತ್ತೊಂಬತ್ತು, ನಲವತ್ತು,
ಮೇಲಿಂದ ಅವಳ ದನಿ: ಎಡಕ್ಕೆ, ಎಡಕ್ಕೆ.
ನಾಯಿ ಎದ್ದು ದಾರಿ ಬಿಟ್ಟಿತು.