ಬಹುದು

ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯ ಮೇಲೆ
ಭಾನುವಾರ ಎರಡರಿಂದ ಐದು
ಮಕ್ಕಳು ಕಾರ್ಡು ಆಡುತ್ತಾರೆ. ಇಸ್ಪೀಟಲ್ಲ.
ಬೆಂಕಿ ಕಾರುವ ಮೊಸಳೆ, ಲಾಂದ್ರ ಹಿಡಿದ ಗೂಬೆ,
ಒಂದೊಂದರ ಹೊಟ್ಟೆಯ ಮೇಲೂ ಇರುವೆಸಾಲಿನಂಥ ಕಾಯಿದೆ.
ಇಪ್ಪತ್ತೊಂಬತ್ತು ವರ್ಷ ಕೋರ್ಟಿನ
ನಕಲು ವಿಭಾಗದಲ್ಲಿ ಕೂತವನು ನಾನು;
'ಅಂಕಲ್‌ಗೆ ರೂಲ್ಸು ಗೊತ್ತು' ಅಂತ
ಸ್ಟೂಲು ಹಾಕಿ ಪಂಚನಾಗಿಸಿದ್ದಾರೆ.

ನಾನು ಮಾಡಿದ್ದಿಷ್ಟೇ: ಇಂಗ್ಲಿಷಿನ ಸಾಲು
ಕನ್ನಡಕ್ಕಿಳಿಸಿ ಚೀಟಿ ಅಂಟಿಸಿದೆ.
ಎಳೆಯಬೇಕು. ಎಳೆಯಬಹುದು.
ಕ್ರಿಯಾಪದದ ಬಾಲಕ್ಕೆ ಕಟ್ಟಿದ ಮೂರಕ್ಷರ,
ಆಟವೆಲ್ಲ ಅದರ ಮೇಲೆ ನಿಂತಿದೆ.

ಇವತ್ತು ಮೆಹಜಬೀನಳ ಗೂಬೆ
ಡೆಲ್ವಿನ್‌ನ ಮೊಸಳೆಯನ್ನು ಕೆಡವಿತು.
ಗೂಬೆಯ ಚೀಟಿ: 'ಎದುರಾಳಿ ಬಿದ್ದಾಗ
ಎರಡು ಕಾರ್ಡು ಎಳೆಯಬಹುದು.'
ಅವಳ ಕಟ್ಟಿನಲ್ಲಿ ಉಳಿದದ್ದು ಒಂದೇ.
ಇಲ್ಲದ್ದನ್ನು ಎಳೆಯಹೋದವರು ಸೋತಂತೆ.
"ಎಳಿ, ಎಳಿ, ಬರೆದಿದೆಯಲ್ಲ!"
ಡೆಲ್ವಿನ್ ಮೇಜು ಗುದ್ದಿದ.
ನಾನು ಬಾಲ ತೋರಿಸಿದೆ.
ಎರಡನೇ ಬೋಂಡ ಬೇಡವೆನ್ನುವಷ್ಟು ಸಲೀಸಾಗಿ
ಅವಳು "ಬೇಡ" ಅಂದಳು.

ಹೋದ ವಾರವೂ ಇವನದೇ ಗಲಾಟೆ.
ತನ್ನ 'ಬಹುದು' ಮರೆತು "ಮುಂದೆ" ಅಂದುಬಿಟ್ಟ,
ಎದುರಿನವರು ಕಾರ್ಡು ಇಳಿಸಿದ ಮೇಲೆ ನೆನಪಾಯಿತು.
'ಬೇಕು' ಆಗಿದ್ದರೆ ಆಟ ಹಿಂದಕ್ಕೊಯ್ದು
ನಾನೇ ಮಾಡಿಸುತ್ತಿದ್ದೆ; ಮರೆತರೂ ಬೇಕು ಬೇಕೇ.
ಬಹುದು ಮಾತ್ರ ಬಾಯಿಬಿಟ್ಟು ಕೇಳಿದವರದು,
ಕೇಳುವ ಹೊತ್ತಿನಲ್ಲೇ ಕೇಳಿದವರದು.

"ಅಂಕಲ್," ಎಂದಳು ಅವನ ತಂಗಿ ಜೆಸ್ವಿಟಾ,
ಇನ್ನೂ ಆಡಲು ಬಾರದವಳು, ಅಂಟಿನ ಡಬ್ಬಿ ಕಾಯುವವಳು,
"ಸಾಗರದ ಬಸ್ಸು ಬರಬಹುದು ಅಂತಾರಲ್ಲ,
ಬಸ್ಸಿಗೆ ಪರ್ಮಿಶನ್ ಕೊಟ್ಟಿದ್ದು ಯಾರು?"
ಎಲ್ಲರೂ ನಕ್ಕರು.

ರೆಕಾರ್ಡ್ ರೂಮಿನ ಅಂಬುಜಾಕ್ಷಿ ಒಮ್ಮೆ
ಫೈಲಿನ ದಾರಕ್ಕೆ ಸಿಕ್ಕಿಸಿ ಕಳಿಸಿದ ಚೀಟಿ:
'ಭಾನುವಾರ ನಾಲ್ಕಕ್ಕೆ ಬರಬಹುದು.'
ಕರ್ತೃ ಇಲ್ಲ.
ನಾನು ಬರಲಡ್ಡಿಯಿಲ್ಲ ಎಂದೋ,
ಅವಳು ಬಂದರೂ ಬಂದಾಳೆಂದೋ.
ರೂಮು ಗುಡಿಸಿ, ಎರಡು ಲೋಟ ತೊಳೆದಿಟ್ಟು
ಏಳರವರೆಗೆ ಕೂತಿದ್ದೆ.
ಸೋಮವಾರ ಅವಳು ಮುದ್ರೆ ಒತ್ತುತ್ತ,
ತಲೆಯೆತ್ತದೆ, ಹೇಳಿದ್ದು ಇಷ್ಟು:
"ಚಕ್ಕುಲಿ ಮೆತ್ತಗಾಯ್ತು."
ಯಾವ ಚಕ್ಕುಲಿ ಅಂತ ಕೇಳಬಹುದಿತ್ತು.

"ಅಂಕಲ್, ಈಗ ಯಾರ ಸರದಿ?"
ಗೂಬೆಯ ಚೀಟಿಯ ಒಂದು ಮೂಲೆ ಎದ್ದಿದೆ,
ಅಡಿಯಲ್ಲಿ ಇಂಗ್ಲಿಷು ಇಣುಕುತ್ತಿದೆ.
ಜೆಸ್ವಿಟಾಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.
ಅವಳಾಗಲೇ ಡಬ್ಬಿಯ ಮುಚ್ಚಳ ಬಿಚ್ಚಿ
ಬೆರಳಿಗೆ ಅಂಟು ಹಚ್ಚಿಕೊಂಡಿದ್ದಾಳೆ.