ಇಪ್ಪತ್ತನಾಲ್ಕು ಸೆಕೆಂಡು

ಚೆಂಡು ಕೈಗೆ ಬಂದರೆ
ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಎಸೆದುಬಿಡಬೇಕು.
ಇಲ್ಲವೋ, ನಾನು ಗುಂಡಿ ಒತ್ತುತ್ತೇನೆ,
ಕತ್ತೆಯ ಹಾಗೆ ಅರಚುತ್ತದೆ ಪೆಟ್ಟಿಗೆ,
ಚೆಂಡು ಎದುರಾಳಿಯ ಪಾಲು.
ನಾಗಪಾಡಾದ ಈ ಅಂಗಳದಲ್ಲಿ
ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.
ಹಗಲು ಬಸ್ ಡಿಪೋದಲ್ಲಿ ಕೂತು
ಯಾವ ಗಾಡಿ ಎಷ್ಟು ತಡ ಎಂದು ಬರೆಯುತ್ತೇನೆ.
ಎರಡೂ ಕಡೆ ಯಾರಿಗೂ ನನ್ನ ಮುಖ ನೆನಪಿರುವುದಿಲ್ಲ.

ಆ ಶನಿವಾರ ಕೋಚ್ ಮುಸ್ತಕೀಮ್
ಅಳಿಯನ ಪೆನ್‌ಡ್ರೈವಿನಲ್ಲಿ ಸ್ಪೇನಿನದೊಂದು ಸಿನಿಮಾ ತಂದ.
ಪೋಸ್ಟರಿನಲ್ಲಿ ಚೆಂಡಿತ್ತು, ಬುಟ್ಟಿಯಿತ್ತು,
ಅವನಿಗೆ ಅಷ್ಟು ಸಾಕು.
"ಪಾಸ್ ಹೇಗೆ ಕೊಡ್ತಾರೆ ನೋಡಿ ಕಲೀರೋ" ಅಂದ.
ಮದುವೆ ಮಂಟಪದವರ ಬಿಳಿ ಬಟ್ಟೆಯನ್ನು
ಬುಟ್ಟಿಯ ಹಿಂದೆ ಬಿಗಿದು ಕಟ್ಟಿದರು.
ಹೀಗಾಗಿ ಆ ರಾತ್ರಿ ಪರದೆಗೆ ಬಂದವರೆಲ್ಲರ
ಹಣೆಯ ಮೇಲೂ ಬಲೆಯ ನೆರಳು.

ಮೊದಲು ಒಂದು ಬಸ್ಸು. ಬೋಳು ಗುಡ್ಡ.
ಬಸ್ಸು ಹೋಯಿತು.
ಹೋಗುತ್ತಲೇ ಇತ್ತು.
ಒಳಗೆ ತೂಕಡಿಸುವ ಹುಡುಗಿಯರ ತಂಡ, ಒಬ್ಬಳು ಎಚ್ಚರ,
ಕಿತ್ತಳೆ ಸುಲಿಯುತ್ತಾಳೆ, ಸಿಪ್ಪೆ ಎಲ್ಲೂ ಹರಿಯದ ಹಾಗೆ.
ರೂಢಿ ನೋಡಿ, ಎಣಿಸಿದೆ: ನೂರಾ ಹತ್ತು ಸೆಕೆಂಡು.
ನನ್ನ ಹೆಬ್ಬೆರಳು ನಾಲ್ಕು ಸಲ ತಾನಾಗಿ ಅಲುಗಿತು.

"ಮ್ಯಾಚ್ ಯಾವಾಗ, ಉಸ್ತಾದ್?"
"ಬರುತ್ತೆ, ಕೂತ್ಕೋ."
ಬರಲಿಲ್ಲ.
ಸೋತರೆಂದು ಯಾರೂ ಹೇಳಲಿಲ್ಲ,
ಬೂಟು ಬಿಚ್ಚುವುದರಲ್ಲೇ ತಿಳಿಯಿತು.
ಒಂಬತ್ತೂವರೆಗೆ ನೀರಿನ ಟ್ಯಾಂಕರ್ ಬಂತು,
ಕ್ಯಾನು ಹಿಡಿದು ಅರ್ಧ ತಂಡ ಎದ್ದು ಹೋಯಿತು,
ಉಳಿದರ್ಧ ಸೀಖ್ ಕಬಾಬಿನ ಹೊಗೆಯ ಜಾಡು ಹಿಡಿಯಿತು.
ರೂಬೇನ್ ಪೆಣಕರ್ ಮಾತ್ರ ಉಳಿದ, ಗೊರಕೆ ಹೊಡೆಯುತ್ತ.

ಮತ್ತೆ ನಾನು. ಹಟಕ್ಕೆ ಕೂತ ಮುಸ್ತಕೀಮ್.
ಮತ್ತೆ, ಬಟ್ಟೆಗಂಟು ಸೊಂಟಕ್ಕಿಟ್ಟು
ಅರ್ಧ ದಾರಿಯಲ್ಲಿ ನಿಂತೇಬಿಟ್ಟ ಜುಲೇಖಾಬಿ,
ಆಳಂದದವಳು, ನಮ್ಮ ಹುಡುಗರ ಬನಿಯನ್ ಒಗೆಯುವವಳು.
ಪರದೆಯ ಮೇಲೂ ಅದೇ ಕೆಲಸ ನಡೆದಿತ್ತು:
ಮಾಳಿಗೆಯಲ್ಲಿ ಆ ತಂಡದ ಕೋಚಮ್ಮ
ಒಂದೊಂದೇ ಬನಿಯನ್ ಹಿಂಡಿ ತಂತಿಗೆ ಹಾಕಿದಳು.
ಏಳನೇ ನಂಬರಿನದನ್ನು ಹಾಕಲಿಲ್ಲ.
ಕೈಯಲ್ಲಿ ಹಿಡಿದು ನಿಂತಳು.
ಗಾಳಿ ಬೀಸಿತು. ನಿಂತೇ ಇದ್ದಳು.

"ಏನ್ ಅಂತಾಳ್ರೀ ಅಕಿ?"
"ಏನೂ ಅನ್ನವಲ್ಲಳು."
"ಗೊತ್ತಾತು ತಗೋರಿ. ಏಳರ ಪೋರಿ ಇನ್ನ ಬರಂಗಿಲ್ಲ.
ತೊಡೋರು ಇಲ್ಲಂದ್ರ ಬನಿಯನ್ ಹಿಂಗ ಹಿಡೀತಾರ."
ಸ್ವಲ್ಪ ಹೊತ್ತು ಬಿಟ್ಟು,
"ನಮ್ಮ ಹನ್ನೊಂದರದ್ದು ನನ್ನ ಟ್ರಂಕಿನಾಗ ಅದ."

ಯಾರದು ಎಂದು ನಾನು ಕೇಳಲಿಲ್ಲ.
ಇಮ್ದಾದನದು.
ಫೈನಲ್ಲಿನ ಕೊನೇ ಸರದಿ, ಒಂದೇ ಪಾಯಿಂಟಿನ ಅಂತರ,
ಜಿಗಿದಿದ್ದ, ಚೆಂಡು ಇನ್ನೂ ಬೆರಳ ತುದಿಯಲ್ಲಿತ್ತು.
ಒತ್ತಿದೆ.
ಸರಿಯಾಗಿಯೇ ಒತ್ತಿದ್ದೆ, ಇಪ್ಪತ್ತನಾಲ್ಕಕ್ಕೆ.
ಕತ್ತೆ ಅರಚಿದ ಮೇಲೆ ಚೆಂಡು ಬಲೆಯೊಳಗೆ ಬಿತ್ತು,
ಅಂಚಿಗೂ ತಾಗದೆ, ನೀರಿಗೆ ನೀರು ಬಿದ್ದ ಹಾಗೆ.
ಅವನು ನನ್ನತ್ತ ತಿರುಗಿ ನೋಡಿದ, ಬೈಯಲಿಲ್ಲ.
ಆಮೇಲೆ ಅಂಗಳಕ್ಕೆ ಬರಲಿಲ್ಲ.
ಆ ಮಳೆಗಾಲ ಮುಗಿಯುವುದರೊಳಗೆ
ಯಾವ ಕಡೆಗೂ ಬರಲಾರದವನಾದ.
ಒಂದಕ್ಕೊಂದು ಸಂಬಂಧವಿಲ್ಲ ಎಂದರು ಎಲ್ಲರೂ.
ಇರಲಿಕ್ಕಿಲ್ಲ.
ಡಿಪೋದ ಪುಸ್ತಕದಲ್ಲಿ ತಡಕ್ಕೆ ಕಾರಣ ಬರೆಯಲು ಒಂದು ಕಾಲಮ್ಮಿದೆ,
ಹೊತ್ತಿಗೆ ಸರಿಯಾಗಿ ನಡೆದದ್ದಕ್ಕೆ ಇಲ್ಲ.

ಪರದೆಯಲ್ಲಿ ಈಗ ಖಾಲಿ ಅಂಗಳ, ಬೆಳಗಿನ ಬಿಸಿಲು.
ಯಾರೋ ಬಂದು ಕಸ ಗುಡಿಸಿ ಹೋದರು.
ಆಮೇಲೆ ಬರೀ ಬಿಳುಪು,
ಮೇಲೆ ಬಲೆಯ ನೆರಳು, ಗಾಳಿಗೆ ಒಂದಿಷ್ಟು ಓಲಾಟ.
ಇದೂ ಸಿನಿಮಾದ್ದೇ ಇರಬೇಕೆಂದು
ಮೂವರೂ ಅದನ್ನೇ ನೋಡುತ್ತಿದ್ದೆವು.
ಎಷ್ಟು ಹೊತ್ತೋ.

"ಮುಗೀತೇನ್ರೀ?" ಅಂದಳು ಜುಲೇಖಾಬಿ.
"ಹಂಗಾದ್ರ ಆ ಬಟ್ಟಿ ಬಿಚ್ಚಿ ಕೊಡ್ರಿ,
ನಾಳಿ ಒಗದು ಮಂಟಪದೋರಿಗಿ ಮುಟ್ಟಸಬೇಕು."